ಆ ಟೀಮಿನಾಗ ನಮ್ಮವ್ರು ಯಾರದಾರ್ರಿ?

ನಾನು ಯಾದಗಿರಿಯವನು. ಬೆಂಗಳೂರು ಎಫ್‌ಸಿಯ ಕಟ್ಟಾ ಅಭಿಮಾನಿ. 2025ರ ಏಪ್ರಿಲ್ 12ರ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಕೋಲ್ಕತ್ತಾದಲ್ಲಿ ಐಎಸ್‌ಎಲ್ ಫೈನಲ್. 49ನೇ ನಿಮಿಷದಲ್ಲಿ ಎದುರಾಳಿಯೇ ತನ್ನ ಬಲೆಗೆ ಹೊಡೆದುಕೊಂಡ ಗೋಲು, ನಾವು ಮುಂದೆ! ಆಮೇಲೆ ಪೆನಾಲ್ಟಿ ಕೊಟ್ವಿ. ಹೆಚ್ಚುವರಿ ಅವಧಿಯಲ್ಲಿ ಇನ್ನೊಂದು ಬಿಟ್ವಿ. ಮೋಹನ್ ಬಾಗಾನ್ 2, ನಾವು 1. 2023ರ ಫೈನಲ್‌ನಲ್ಲೂ ಇದೇ ಕ್ಲಬ್ಬಿನ ಎದುರು ಶೂಟೌಟ್‌ನಲ್ಲಿ ಸೋತಿದ್ವಿ.

ಯಾರನ್ನ ಬೈಯೋದು? ಸುನಿಲ್ ಛೆಟ್ರಿಯನ್ನಂತೂ ಅಲ್ಲ. ನಲವತ್ತರ ವಯಸ್ಸಲ್ಲಿ ಸೀಸನ್ನಿಗೆ 14 ಗೋಲು! ಗೋವಾ ವಿರುದ್ಧದ ಸೆಮಿಫೈನಲ್‌ನಲ್ಲಿ 92ನೇ ನಿಮಿಷಕ್ಕೆ ತಲೆ ಕೊಟ್ಟು ನಮ್ಮನ್ನು ದಡ ಸೇರಿಸಿದ್ದೂ ಅವರೇ. ಆದರೆ ಒಬ್ಬರ ಹೆಗಲ ಮೇಲೆ ಇನ್ನೆಷ್ಟು ದಿನ ಭಾರ ಹಾಕ್ತೀರಿ?

ಆಮೇಲೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಸುರಪುರದ ಹುಡುಗನೊಬ್ಬ ಕೂತಿದ್ದ. ಬೆಂಗಳೂರಲ್ಲಿ ಕಟ್ಟಡದ ಕೆಲಸ. ನನ್ನ ಮ್ಯಾಚಿನ ಪುರಾಣವನ್ನೆಲ್ಲ ಕೇಳಿ ಒಂದೇ ಮಾತು ಕೇಳಿದ: "ಅಣ್ಣಾರ, ಆ ಟೀಮಿನಾಗ ನಮ್ ಕಡಿಯವ್ರು ಯಾರದಾರ್ರಿ?"

ನನ್ನ ಬಾಯಿ ಕಟ್ಟಿತು.

ನಮ್ಮ ಮಧ್ಯಮೈದಾನದ ಸುರೇಶ್ ಸಿಂಗ್ ದೂರದ ಮಣಿಪುರದವರು. ಅಲ್ಲಿಂದ ಕಂಠೀರವಕ್ಕೆ ದಾರಿ ಇದೆ. ಯಾದಗಿರಿ, ಶಹಾಪುರ, ಸುರಪುರದಿಂದ ಯಾಕಿಲ್ಲ? ನಮ್ಮ ಹುಡುಗರ ಕಾಲಲ್ಲಿ ಕಸುವಿಲ್ವಾ? ಚೆಂಡು, ಮೈದಾನ, ಹೇಳಿಕೊಡೋರು ಬೇಕು, ಅಷ್ಟೇ.

ಬೆಂಗಳೂರು ಕಟ್ಟೋಕೆ ನಮ್ಮ ಹುಡುಗರು ಬೇಕು. ಬೆಂಗಳೂರಿನ ಪರ ಆಡೋಕೆ ಬೇಡ್ವಾ? ಕಪ್ ಇನ್ನೊಂದು ವರ್ಷ ಬಂದೀತು. ಮೊದಲು ಆ ಹುಡುಗನಿಗೆ ಉತ್ತರ ಕೊಡಬೇಕು.