ಬಂದೂಕು ಇಳಿಸಿದವರ ಮುಂದಿನ ಬದುಕು
(ಕ್ರೋಂಪೇಟೆಯ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಕಳದ ಗೊಮ್ಮಟನ ದರ್ಶನಕ್ಕೆ ಹೋಗಿಬಂದವರು ತಮ್ಮಲ್ಲಿ ಅನೇಕರಿದ್ದೀರಿ. ಅದೇ ತಾಲ್ಲೂಕಿನ ಈದು ಗ್ರಾಮದಲ್ಲಿ 2003ರ ನವೆಂಬರಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ತರುಣಿಯರು ಪೊಲೀಸರ ಗುಂಡಿಗೆ ಬಲಿಯಾದರು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಒಕ್ಕಲೆಬ್ಬಿಸುವರೆಂಬ ಭೀತಿ ಮಲೆಕುಡಿಯರ ಮನೆಗಳನ್ನು ಆವರಿಸಿದ್ದ ಕಾಲವದು. ಆ ಭೀತಿಯೇ ಹಲವು ಯುವಜನರನ್ನು ನಕ್ಸಲರೆಡೆಗೆ ತಳ್ಳಿತು. ಮುಂದೆ ಪೊಲೀಸರೂ ಸತ್ತರು. ಮಾಹಿತಿದಾರರೆಂಬ ಶಂಕೆಗೆ ಗುರಿಯಾದ ಬಡ ಗ್ರಾಮಸ್ಥರೂ ಸತ್ತರು. ಅದನ್ನು ಮರೆತು ಮಾತನಾಡುವುದು ಸಲ್ಲದು.

2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಭೂಗತ ಬದುಕನ್ನು ತೊರೆದು ಹೊರಬಂದರು. ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಅವರಿಗೆ ಬೆಂಬಲವಾಗಿ ನಿಂತಿದ್ದರು. ಹತ್ತು ವರ್ಷಗಳ ತರುವಾಯ, 2024ರ ನವೆಂಬರಿನಲ್ಲಿ, ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ವಿಕ್ರಂ ಗೌಡ ಹತನಾದಾಗ ಕಾಡಿನಲ್ಲಿ ಉಳಿದವರಿಗೂ ಅದೇ ಗತಿಯೆಂದು ಬಹುಮಂದಿ ಭಾವಿಸಿದ್ದರು. ಹಾಗಾಗಲಿಲ್ಲ. ಮನವೊಲಿಸುವ ಕಾರ್ಯದಲ್ಲಿ ಇತರ ನಾಗರಿಕರೊಡನೆ ಶ್ರೀಧರ್ ಮುಂದೆ ನಿಂತರು. 2025ರ ಜನವರಿ 8ರಂದು ಮುಂಡಗಾರು ಲತಾ, ಸುಂದರಿ ಕುತ್ಲೂರು, ವನಜಾಕ್ಷಿ ಬಾಳೆಹೊಳೆ, ಮಾರೆಪ್ಪ ಅರೋಲಿ, ಕೇರಳದ ಜೀಶಾ, ನಮ್ಮ ಈ ತಮಿಳುನಾಡಿನವರೇ ಆದ ಕೆ. ವಸಂತ, ಈ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಹಾಜರಾದರು. ಕಾಡಿನ ಹಸಿವನ್ನೂ ಸಂಶಯವನ್ನೂ ಬಲ್ಲವನ ಮಾತಿಗೆ ಇರುವ ಬೆಲೆ ಅಧಿಕಾರಿಯ ಕರಪತ್ರಕ್ಕೆ ಎಲ್ಲಿಂದ ಬರಬೇಕು?

ಲೆಕ್ಕಪರಿಶೋಧಕನಾದ ನನ್ನ ಕಣ್ಣು ಸಹಜವಾಗಿಯೇ ಅಂಕಿಗಳತ್ತ ಹೋಗುತ್ತದೆ. ಶರಣಾದವರಿಗೆ ವರ್ಗಾನುಸಾರ ಗರಿಷ್ಠ 7.5 ಲಕ್ಷ ರೂಪಾಯಿ, ಅದೂ ಕಂತುಗಳಲ್ಲಿ. ಖರ್ಚಿನ ಬಾಬ್ತಾಗಿ ನೋಡಿದರೆ ಇದು ಅಲ್ಪ ಮೊತ್ತ. ಆದರೆ ಹೊರಬಂದವರು ಮೊದಲು ಸೇರಿದ್ದು ಪರಪ್ಪನ ಅಗ್ರಹಾರದ ಸೆರೆಮನೆಯನ್ನು. ವಿಚಾರಣೆ ಬೇಡವೆಂದು ನಾನು ಹೇಳಲಾರೆ. ಸತ್ತವರ ಮನೆಯವರಿಗೆ ಅದರ ಮೇಲೆ ಹಕ್ಕಿದೆ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಮಾತ್ರ, ಕೊಟ್ಟ ಹಣ ವಕೀಲರ ಶುಲ್ಕಕ್ಕೂ ನ್ಯಾಯಾಲಯಗಳ ಅಲೆದಾಟಕ್ಕೂ ಕರಗುತ್ತದೆ, ಶಾಂತಿಯ ಕೆಲಸಕ್ಕೆ ಒದಗಬೇಕಾದ ಆಯುಷ್ಯವೂ ಕರಗುತ್ತದೆ.

ನಕ್ಸಲ್ ನಿಗ್ರಹ ಪಡೆಯ ಒಂದು ಭಾಗವನ್ನು ಸರ್ಕಾರ 2025ರಲ್ಲೇ ಕೋಮುಹಿಂಸೆ ತಡೆಯುವ ವಿಶೇಷ ಪಡೆಗೆ ಒದಗಿಸಿತು. ಪೊಲೀಸರಿಗೆ ಹೊಸ ಹೊಣೆ ಇಷ್ಟು ಬೇಗ ದೊರೆಯಿತು. ಶರಣಾದವರಿಗಾಗಿ ನಾವು ಕೇಳಬೇಕಾದದ್ದು ತ್ವರಿತ ನ್ಯಾಯಾಲಯವನ್ನು, ಊರಿನಲ್ಲಿ ದುಡಿಯುವ ಅವಕಾಶವನ್ನು, ಮಲೆನಾಡಿನ ಅರಣ್ಯಹಕ್ಕು ಅರ್ಜಿಗಳ ಇತ್ಯರ್ಥದಲ್ಲಿ ಅವರ ಮಾತಿಗೊಂದು ಸ್ಥಾನವನ್ನು. ಈ ಮೂರನ್ನು ಕೋರುವ ಮನವಿಯೊಂದನ್ನು ಸಿದ್ಧಪಡಿಸಿ ತಂದಿದ್ದೇನೆ. ಒಪ್ಪುವವರು ದಯವಿಟ್ಟು ಸಹಿ ಮಾಡಿ.