ಯುದ್ಧದ ಟ್ಯಾಂಕಿ, ಮೋಟಾರಿನ ಟ್ಯಾಂಕಿ
(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಫಲಕದ ಮೇಲೆ ನೋಡಿ ಕೆಲವರು ನಕ್ಕರೆಂದು ಕೇಳಿದೆ. ಸಂಬಳ, ರಜೆ, ಬೋನಸ್ಸು ಬಿಟ್ಟು ಈತ ಟ್ಯಾಂಕಿನ ಮಾತು ಯಾಕೆ ಎತ್ತಿದ ಎಂದು. ಇದು ಗುಂಡು ಹಾರಿಸುವ ಟ್ಯಾಂಕಲ್ಲ, ಪೆಟ್ರೋಲು ತುಂಬುವ ಟ್ಯಾಂಕಿ. ಹೋಟೆಲು ಬಿಟ್ಟು ಮೋಟಾರು ಗ್ಯಾರೇಜು ಸೇರಿದ ಹುಡುಗರು ನಮ್ಮಲ್ಲಿ ಹಲವರಿದ್ದಾರೆ. ಹಣವಂತರು ಹಳೆಯ ಜೀಪು, ಹಳೆಯ ಕಾರು ತಂದು ತಮ್ಮ ಮನಸ್ಸಿಗೆ ಬಂದ ಹಾಗೆ ಕಟ್ಟಿಸಿಕೊಳ್ಳುವ ಗ್ಯಾರೇಜುಗಳು ಅವು. ಸೇನೆಯವರು ಹರಾಜು ಹಾಕಿದ ಯಾವುದೋ ಹಳೆಯ ಟ್ಯಾಂಕಿಯನ್ನು ಗುಜರಿಯಿಂದ ಹೊತ್ತು ತಂದು, "ನನ್ನ ಗಾಡಿಗೆ ಇದನ್ನೇ ಕೂಡಿಸು, ನೋಡಲು ಚೆಂದ" ಎನ್ನುತ್ತಾರೆ. ಚೆಂದ ಅವರಿಗೆ. ಕೊಯ್ದು ಬೆಸುಗೆ ಹಾಕಿ ಕೂಡಿಸುವವನು ನಮ್ಮವನು. ಅದಕ್ಕಾಗಿ ಈ ಮಾತು.

ಈ ಹುಚ್ಚು ಹುಟ್ಟಿದ್ದು ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬು ವಿಮಾನಗಳಿಗೆ ಕಾವಲು ಹೋಗುತ್ತಿದ್ದ ಸಣ್ಣ ಫೈಟರ್ ವಿಮಾನಗಳಿಗೆ ದೂರದ ದಾರಿಗೆ ಎಣ್ಣೆ ಸಾಲುತ್ತಿರಲಿಲ್ಲ. ಆದುದರಿಂದ ರೆಕ್ಕೆಯ ಕೆಳಗೆ, ಹೊಟ್ಟೆಯ ಕೆಳಗೆ ಹೆಚ್ಚಿನ ಟ್ಯಾಂಕಿಗಳನ್ನು ತೂಗಹಾಕಿದರು. ಮೊದಲು ಅದರ ಎಣ್ಣೆ ಸುಡುವುದು. ಮುಗಿದೊಡನೆ, ಇಲ್ಲವೇ ಶತ್ರು ಎದುರಾದೊಡನೆ, ಟ್ಯಾಂಕಿಯನ್ನು ಕೆಳಗೆ ಬಿಸಾಡುವುದು. 1944ರ ಮಾರ್ಚಿನಲ್ಲಿ ಅಮೇರಿಕದ ಫೈಟರುಗಳು ಇಂಗ್ಲೆಂಡಿನಿಂದ ಬರ್ಲಿನ್ ತನಕ ಹೋಗಿಬಂದದ್ದು ಇಂಥ ಟ್ಯಾಂಕಿಗಳ ಬಲದಿಂದ. ಇಂಗ್ಲೆಂಡಿನಲ್ಲಿ ಕಾಗದದ ಟ್ಯಾಂಕಿಯನ್ನೂ ಮಾಡಿದರು! ಹೌದು, ಕಾಗದವೇ. ದಪ್ಪ ಕಾಗದವನ್ನು ಅಂಟಿನಲ್ಲಿ ಪದರ ಪದರವಾಗಿ ಕೂಡಿಸಿ ಮಾಡಿದ ಅದು 108 ಗ್ಯಾಲನ್ ಹಿಡಿಯುತ್ತಿತ್ತು. ಕೆಲವು ಗಂಟೆ ಸೋರದೆ ನಿಂತರೆ ಅದರ ಕೆಲಸ ಮುಗಿಯಿತು. ನಮ್ಮ ಬಾಳೆಲೆಯ ಲೆಕ್ಕ: ಊಟವಾಯಿತು, ಎಸೆದೆವು.

ಯುದ್ಧ ಮುಗಿದಾಗ ಲೋಹದ ಟ್ಯಾಂಕಿಗಳು ಗುಡ್ಡೆಯಾಗಿ ಉಳಿದವು, ಅಗ್ಗಕ್ಕೆ ಮಾರಿಹೋದವು. ಯುದ್ಧದಲ್ಲಿ ಪೆಸಿಫಿಕ್ ಸಾಗರದ ಕಡೆ ಇದ್ದ ಬಿಲ್ ಬರ್ಕ್ ಎಂಬವನು ಅವುಗಳ ಆಕಾರ ಕಂಡಿದ್ದ. ಮುಂದೆ ಗುಂಡಗೆ, ಹಿಂದೆ ಚೂಪಾಗಿ, ಗಾಳಿಯನ್ನು ಸೀಳುವ ಆಕಾರ. 1946ರಲ್ಲಿ ಅಂಥ ಒಂದು ಟ್ಯಾಂಕಿಯೊಳಗೆ ಫೋರ್ಡ್ ಇಂಜಿನು ಕೂಡಿಸಿ, ಎಲ್ ಮಿರಾಜ್ ಎಂಬ ಒಣಗಿದ ಕೆರೆಯ ಅಂಗಳದಲ್ಲಿ ಓಡಿಸಿದ. ಆಮೇಲೆ ಲೈಟ್ನಿಂಗ್ ವಿಮಾನದ 300 ಗ್ಯಾಲನಿಗೂ ದೊಡ್ಡ ಟ್ಯಾಂಕಿ ಹಿಡಿದು, ಇಂಜಿನನ್ನು ಚಾಲಕನ ಬೆನ್ನ ಹಿಂದೆ ಇಟ್ಟ. ಅದೇ ಮಾದರಿಯಲ್ಲಿ ಅಲೆಕ್ಸ್ ಝಿಡಿಯಸ್ ಎಂಬವನ ಗಾಡಿ 1952ರಲ್ಲಿ ಬಾನೆವಿಲ್ಲಿನ ಉಪ್ಪಿನ ಬಯಲಿನಲ್ಲಿ ಗಂಟೆಗೆ 198 ಮೈಲಿ ಓಡಿತು. ಟ್ಯಾಂಕಿಯೇ ಗಾಡಿಯಾಯಿತು. ಕಾರುಗಳಿಗೆ ಪೆಟ್ರೋಲು ಟ್ಯಾಂಕಿಯಾಗಿ ಸಣ್ಣ ಪುಟ್ಟ ಸೇನಾ ಟ್ಯಾಂಕಿಗಳನ್ನು ಕೂಡಿಸುವ ಹವ್ಯಾಸವೂ ಈ ಜನರದೇ. ಮುಂದೆ ಡೀನ್ ಮೂನ್ ಎಂಬವನು ಹೊಸ ಅಲ್ಯುಮಿನಿಯಂ ಟ್ಯಾಂಕಿಗಳನ್ನೇ ಮಾಡಿ ಮಾರತೊಡಗಿದ.

ಹಳೆಯ ಮಾಲು ಮುಟ್ಟಬೇಡಿರೆಂದು ನಾನು ಹೇಳುವುದಿಲ್ಲ. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ಜತೆಗೂಡಿ ಬೆಂಗಳೂರಿನಲ್ಲಿ ಕಟ್ಟಿದ ವಿಮಾನ ಕಾರಖಾನೆಯ ಹೆಸರು ತಮಗೆಲ್ಲ ಗೊತ್ತು. ಯುದ್ಧ ಮುಗಿದ ಮೇಲೆ ಕಾನಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಅಮೇರಿಕದ ಲಿಬರೇಟರ್ ಬಾಂಬು ವಿಮಾನಗಳಲ್ಲಿ ಸುಮಾರು 40ನ್ನು ಆರಿಸಿ, ಬೆಂಗಳೂರಿಗೆ ಹಾರಿಸಿ ತಂದು, ಆ ಕಾರಖಾನೆಯ ಕೆಲಸಗಾರರು ಮತ್ತೆ ಸೇವೆಗೆ ಸಜ್ಜುಗೊಳಿಸಿದರು. ನಮ್ಮ ವಾಯುಸೇನೆ ಅವನ್ನು 1968ರ ತನಕ ಬಳಸಿತು. ಗುಜರಿಯಿಂದ ಬಂಗಾರ ತೆಗೆದವರು ಅವರು. ಆದರೆ ಅಲ್ಲಿ ಪರೀಕ್ಷೆ ಇತ್ತು, ಸಲಕರಣೆ ಇತ್ತು, ಕಲಿತ ಮೇಸ್ತ್ರಿಗಳಿದ್ದರು. ಗಲ್ಲಿಯ ಗ್ಯಾರೇಜಿನಲ್ಲಿ ಏನಿದೆ? ಒಂದು ಗ್ಯಾಸ್ ಕಟರು, ಒಬ್ಬ ಹುಡುಗ, "ಬೇಗ ಮುಗಿಸು" ಎನ್ನುವ ಮಾಲಕ.

ಈಗ ಮುಖ್ಯ ಮಾತು. ಬರಿದಾದ ಟ್ಯಾಂಕಿ ಬರಿದಾಗಿರುವುದಿಲ್ಲ. ಉರಿಯುವುದು ಪೆಟ್ರೋಲಿನ ದ್ರವವಲ್ಲ, ಅದರ ಆವಿ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಸೇರಿದರೆ ಸಾಕು, ಕಿಡಿ ತಾಗಿದೊಡನೆ ಸಿಡಿಯುತ್ತದೆ. 200 ಲೀಟರಿನ ಡ್ರಮ್ಮಿಗೆ ಇದನ್ನು ಲೆಕ್ಕ ಹಾಕಿ ನೋಡಿ: ನಾವು ಬಡಿಸುವ ದೊಡ್ಡ ಚಮಚೆಯಲ್ಲಿ ಒಂದು ಚಮಚೆ ಪೆಟ್ರೋಲು ತಳದಲ್ಲಿ ಉಳಿದಿದ್ದರೆ ಅಷ್ಟು ಆವಿ ತಯಾರು. ಈ ಆವಿ ಗಾಳಿಗಿಂತ ಭಾರ. ಮೇಲೆ ಮುಚ್ಚಳ ತೆರೆದಿಟ್ಟರೆ ಹಾರಿಹೋಗುತ್ತದೆಂಬುದು ಸುಳ್ಳು, ತಳದಲ್ಲೇ ಕೂತಿರುತ್ತದೆ. ನೀರು ಹಾಕಿ ಕುಲುಕಿದರೂ ಮಡಿಕೆಯ ಸಂದಿನಲ್ಲಿ, ತುಕ್ಕಿನ ಪದರದಲ್ಲಿ ಎಣ್ಣೆ ಅಡಗಿರುತ್ತದೆ. ಬೆಸುಗೆಯ ಕಾವು ತಾಗಿದಾಗ ಹೊರಗೆ ಬರುತ್ತದೆ. ಮೂಗಿಗೆ ವಾಸನೆ ಬರಲಿಲ್ಲ ಎಂಬುದು ಪರೀಕ್ಷೆಯಲ್ಲ. ಹೋಟೆಲಿನವರೂ ಕೇಳಿರಿ, ಹಳೆಯ ಎಣ್ಣೆ ಡ್ರಮ್ಮು ಕೊಯ್ದು ತಂದೂರು ಭಟ್ಟಿ ಮಾಡಿಸುವಾಗ ಇದೇ ಅಪಾಯ ಉಂಟು.

ಸೇನೆಯ ಹಳೆಯ ಟ್ಯಾಂಕಿಗೆ ಬೇರೆ ಕಾಟಗಳೂ ಇವೆ. ಆ ಕಾಲದ ವಿಮಾನದ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ತಳದ ಗಸಿ ವಿಷ. ಕೆಲವು ಟ್ಯಾಂಕಿಗಳಿಗೆ ರಬ್ಬರಿನ ಹೊದಿಕೆ ಇತ್ತು. ಗುಂಡು ತೂರಿದರೆ ಪೆಟ್ರೋಲು ತಾಗಿ ರಬ್ಬರು ಉಬ್ಬಿ, ತೂತು ತಾನೇ ಮುಚ್ಚಿಕೊಳ್ಳಲಿ ಎಂದು. ಬುದ್ಧಿವಂತಿಕೆಯ ಕೆಲಸವೇ. ಆದರೆ ಎಂಬತ್ತು ವರ್ಷ ಕಳೆದ ರಬ್ಬರು ಪುಡಿಯಾಗಿ ಇಂಜಿನಿನ ದಾರಿ ಕಟ್ಟುತ್ತದೆ. ಈಗ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರ ತನಕ ಎಥನಾಲ್ ಇದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನೂ ಒಳಬಣ್ಣವನ್ನೂ ತಿನ್ನುತ್ತದೆ. ಬಿಸಾಡುವುದಕ್ಕೆಂದು ಮಾಡಿದ ತೆಳುತಗಡಿನ ಟ್ಯಾಂಕಿಯಂತೂ ರಸ್ತೆಯ ಹೊಂಡಗಳಿಗೆ, ಅಪಘಾತದ ಪೆಟ್ಟಿಗೆ ಲೆಕ್ಕ ಹಾಕಿ ಮಾಡಿದ್ದೇ ಅಲ್ಲ.

ಹಾಗಾದರೆ ಕೆಲಸ ಮಾಡುವುದು ಹೇಗೆ? ಎಣ್ಣೆ ಪೂರ್ತಿ ಇಳಿಸಬೇಕು. ವಾಷಿಂಗ್ ಸೋಡಾದ ಬಿಸಿನೀರಿನಲ್ಲಿ ತೊಳೆದು, ಮೇಲೆ ಉಗಿ ಹಾಯಿಸಬೇಕು, ಐದು ನಿಮಿಷವಲ್ಲ, ಗಂಟೆಗಟ್ಟಲೆ. ಗ್ಯಾಸು ಅಳೆಯುವ ಯಂತ್ರ ತಂದು, ಕಲಿತವನು ನೋಡಿ, "ಆವಿ ಇಲ್ಲ" ಎಂದು ಬರೆದುಕೊಡಬೇಕು. ಅಷ್ಟಾದ ಮೇಲೂ ಒಳಗೆ ನೈಟ್ರೋಜನ್ ತುಂಬಿ ಬೆಂಕಿ ಹಿಡಿಯುವುದು ಒಳ್ಳೆಯದು. ಇಷ್ಟು ಖರ್ಚಿಗೆ ಹೊಸ ಟ್ಯಾಂಕಿಯೇ ಬರುತ್ತದೆಂದು ಮಾಲಕ ಹೇಳಿದರೆ, ಬಹಳ ಸಂತೋಷ, ಹೊಸದನ್ನೇ ತರಿಸಲಿ.

ಇದು ನಾನು ಹೊಸದಾಗಿ ಹುಟ್ಟಿಸಿದ ನಿಯಮವಲ್ಲ. ಉರಿಯುವ ಪದಾರ್ಥ ಇದ್ದ ಟ್ಯಾಂಕಿಗೆ, ಅದನ್ನೂ ಅದರ ಆವಿಯನ್ನೂ ತೆಗೆಯುವ ಮುಂಚೆ ಬೆಸುಗೆ, ಕಟಿಂಗು ಕೂಡದು ಎಂದು 1948ರ ಫ್ಯಾಕ್ಟರಿ ಕಾಯಿದೆಯ 37ನೆಯ ಕಲಮಿನಲ್ಲೇ ಬರೆದಿಟ್ಟಿದ್ದರು. ಗಿರಣಿಯ ಹಿರಿಯರಿಗೆ ಆ ಕಾಯಿದೆ ಗೊತ್ತು. ಆದರೆ ನಾಲ್ಕು ಮಂದಿ ದುಡಿಯುವ ಗ್ಯಾರೇಜಿನ ಬಾಗಿಲಿಗೆ ಅದು ಸಾಮಾನ್ಯವಾಗಿ ಬರುತ್ತಲೇ ಇರಲಿಲ್ಲ. ಇನ್ಸ್‌ಪೆಕ್ಟರು ಬರುತ್ತಾರೆಂದು ಕಾಯುತ್ತ ಕೂಡುವುದು ಬೇಡ.

ಸಂಘದ ವತಿಯಿಂದ ಗ್ಯಾರೇಜು ಮಾಲಕರಿಗೆ ಒಂದು ಪತ್ರ ಬರೆದಿದ್ದೇವೆ. ಪರೀಕ್ಷೆಯ ಚೀಟಿ ಇಲ್ಲದ ಟ್ಯಾಂಕಿ, ಡ್ರಮ್ಮು ಯಾವುದಕ್ಕೂ ನಮ್ಮ ಸದಸ್ಯರು ಬೆಂಕಿ ಹಿಡಿಯುವುದಿಲ್ಲ. ಒಲ್ಲೆನೆಂದವನ ಕೂಲಿ ಕಡಿಯಕೂಡದು, ಕೆಲಸದಿಂದ ತೆಗೆಯಕೂಡದು. ಪತ್ರ ಮೇಜಿನ ಮೇಲಿದೆ. ಗ್ಯಾರೇಜಿನ ಹುಡುಗರು ಮೊದಲು ಬಂದು ಸಹಿ ಹಾಕಿರಿ. ಹೋಟೆಲಿನವರು ಆಮೇಲೆ, ರಾತ್ರಿ ಪಾಳಿಗೆ ಹೋಗುವವರಿಗೆ ದಾರಿ ಬಿಡಿ.