ಕೇಳದೆ ಉಳಿದ ಪ್ರಶ್ನೆ



ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಕಪ್ಪು ಜನಾಂಗದ ಮಹಿಳೆಯರಿಗೆ ಬಿಳಿಯರಿಗಿಂತ ತುಸು ಕಡಿಮೆಯೇ ಬರುತ್ತದೆ. ಆದರೆ ಅದರಿಂದ ಸಾಯುವ ಪ್ರಮಾಣ ಸುಮಾರು ಶೇ. 40ರಷ್ಟು ಹೆಚ್ಚು. ರೋಗ ತಡವಾಗಿ ಪತ್ತೆಯಾಗುವುದು ಒಂದು ಕಾರಣ. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ‘ಟ್ರಿಪಲ್ ನೆಗೆಟಿವ್’ ಬಗೆ ಅವರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕಾಣುವುದು ಇನ್ನೊಂದು. ಅದೇಕೆ ಹಾಗೆ ಎಂದು ಹುಡುಕುವವರು ಯಾರು?

2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಡೊನ್ನಾ ಗಿಂಥರ್ ಮತ್ತು ಸಂಗಡಿಗರ ಅಧ್ಯಯನ ಬಂತು. ಓದು, ತರಬೇತಿ, ಪ್ರಕಟಣೆಗಳನ್ನೆಲ್ಲ ಸರಿದೂಗಿಸಿ ನೋಡಿದರೂ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕಪ್ಪು ವಿಜ್ಞಾನಿಗಳ 100 ಅರ್ಜಿಗೆ ಬಿಳಿಯರಿಗಿಂತ 10ರಷ್ಟು ಅನುದಾನ ಕಡಿಮೆ. 2019ರ ಮತ್ತೊಂದು ಅಧ್ಯಯನ ಹೇಳಿದ್ದೇನು? ಅವರು ಹೆಚ್ಚಾಗಿ ಆರಿಸುವುದು ಜನಸಮುದಾಯದ ಆರೋಗ್ಯದಂಥ ವಿಷಯ. ಅಂಥ ವಿಷಯಕ್ಕೇ ಹಣ ಕಡಿಮೆ!

ಪಿಎಚ್.ಡಿ. ಮುಗಿದ ಮೊದಲ ವರ್ಷಗಳು ಬಹಳ ಕಷ್ಟದವು. ಫಲಿತಾಂಶ ತೋರಿಸದೆ ಅನುದಾನವಿಲ್ಲ, ಅನುದಾನವಿಲ್ಲದೆ ಫಲಿತಾಂಶವಿಲ್ಲ. ಮನೆಯಲ್ಲಿ ಅನುಕೂಲವಿದ್ದವರು ಕಾಯುತ್ತಾರೆ. ಇಲ್ಲದವರು ಬೇರೆ ನೌಕರಿ ಹಿಡಿಯುತ್ತಾರೆ, ಅವರ ಪ್ರಶ್ನೆಯೂ ಅವರೊಂದಿಗೇ ಹೋಗುತ್ತದೆ. ಇಂಥವರಿಗೆಂದು ತೆಗೆದಿಟ್ಟ ಹಣವನ್ನು ದಾನವೆಂದು ಕರೆಯುವವರಿದ್ದಾರೆ, ನಾನಂತೂ ಒಪ್ಪಲಾರೆ. 2025ರಲ್ಲಿ ಅದೇ ಸಂಸ್ಥೆ ಇಂಥ ಅನೇಕ ಅನುದಾನಗಳನ್ನು ನಡುದಾರಿಯಲ್ಲೇ ರದ್ದು ಮಾಡಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು.